ತೂಕಕ್ಕೆ ಹಾಕಬೇಡಿ, ಅದು ಲೇತ್!

"ಹಳೇ ಕಬ್ಣ, ಹಳೇ ಪ್ಲಾಸ್ಟಿಕ್, ಹಳೇ ಬ್ಯಾಟ್ರಿ..." ಎಂದು ಮೈಕಿನಲ್ಲಿ ಕೂಗಿಕೊಂಡು ಬರುವ ಗುಜರಿ ಗಾಡಿ ನಿಮ್ಮೂರಿಗೂ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಥದ್ದೊಂದು ಗಾಡಿ ನಿಂತಿತ್ತು. ನಾವು ತೆಂಗಿನ ತೋಟದ ಸುದ್ದಿಗೆ ಹೋಗಿದ್ದವರು. ಒಂದು ಮನೆಯ ಹಿತ್ತಲಿನಿಂದ ಢಣ್ ಢಣ್ ಎಂಬ ಸದ್ದು. ಹೋಗಿ ನೋಡಿದರೆ ಇಬ್ಬರು ಸಮ್ಮಟಿ ಹಿಡಿದು ಆರಡಿ ಉದ್ದದ ಲೇತ್ ಒಡೆಯುತ್ತಿದ್ದರು. ಇಡಿಯಾಗಿ ಎತ್ತಲು ಆಗುವುದಿಲ್ಲವಲ್ಲ, ಅದಕ್ಕೆ.

"ಯಾಕಣ್ಣ ಕೊಟ್ರಿ?" ಎಂದೆವು.

"ಅಪ್ಪ ಹೋದ್ಮೇಲೆ ಯಾರೂ ಮುಟ್ಟಿಲ್ಲ ಸಾರ್. ಪೂರ್ತಿ ತುಕ್ಕು ಹಿಡ್ದೈತೆ. ಏನಕ್ಕೆ ಬರ್ತದೆ ಹೇಳಿ?"

ಅವರನ್ನು ಬೈಯಲು ನಮಗೆ ಮನಸ್ಸು ಬರಲಿಲ್ಲ. ಆದರೆ ಆ ಮಾತು ತಪ್ಪು. ಅದನ್ನು ತಪ್ಪು ಎಂದು ಹೇಳುವವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ ಎನ್ನುವುದು ಇನ್ನೂ ದೊಡ್ಡ ತಪ್ಪು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಲೆಕ್ಕ ನೋಡಿ. ಲೇತ್ 800 ಕಿಲೋ ಇದೆ ಎಂದಿಟ್ಟುಕೊಳ್ಳಿ. ಗುಜರಿಯವರು ಕಿಲೋಗೆ 30 ರೂಪಾಯಿ ಕೊಟ್ಟರು ಎಂದಿಟ್ಟುಕೊಳ್ಳಿ. ಕೈಗೆ ಬಂದದ್ದು 24,000. ಒಂದು ಒಳ್ಳೆಯ ಫೋನಿನ ದುಡ್ಡು. ಫೋನು ಮೂರು ವರ್ಷ ಬಾಳುತ್ತದೆ. ಆ ಲೇತ್ ಸರಿಯಾಗಿ ನೋಡಿಕೊಂಡಿದ್ದರೆ ಮೊಮ್ಮಕ್ಕಳ ಕಾಲಕ್ಕೂ ತಿರುಗುತ್ತಿತ್ತು.

ತುಕ್ಕು ಚರ್ಮದ ಮೇಲಿನದು, ಮೂಳೆಯದಲ್ಲ

ನಮ್ಮ ಕಡೆ ಸಿಗುವ ಹಳೇ ಲೇತ್‌ಗಳು ಎಲ್ಲಿಂದ ಬಂದವು ಗೊತ್ತೇ? ಕೆಲವು ಹರಿಹರದವು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಾಡುತ್ತಿತ್ತು. ಕೆಲವು ಎಚ್ಎಂಟಿಯವು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ವಾಚ್ ಮಾಡುವ ಮೊದಲೇ ಲೇತ್ ಮಾಡಿತ್ತು. ಎಚ್ಎಂಟಿ ಎಂದರೆ ವಾಚು ಮಾತ್ರ ಎಂದುಕೊಂಡವರಿಗೆ ಈ ಮಾತು. ಇನ್ನು ಕೆಲವು ಪಂಜಾಬಿನ ಬಟಾಲಾ, ಗುಜರಾತಿನ ರಾಜ್‌ಕೋಟ್‌ನಿಂದ ಲಾರಿಯಲ್ಲಿ ಬಂದವು. ಹರಿಹರದ ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು. ಅಲ್ಲಿನ ಲೇತ್ ಒಂದನ್ನು ಒಡೆದರೆ ಒಂದು ಕಡಿಮೆಯಾಯಿತು, ಅಷ್ಟೇ. ಮತ್ತೆ ಬರುವುದಿಲ್ಲ.

ಈ ಮೆಷಿನ್‌ಗಳ ಬೆಡ್ ಎರಕದ ಕಬ್ಬಿಣದ್ದು. ಅದರೊಳಗೆ ಗ್ರಾಫೈಟ್ ಇರುವುದರಿಂದ ಅದುರನ್ನು ನುಂಗಿಕೊಳ್ಳುತ್ತದೆ. ಮೇಲೆ ಕೆಂಪಗೆ ಕಾಣುವ ತುಕ್ಕು ಬಹಳ ಸಲ ಕೂದಲೆಳೆಯಷ್ಟೂ ದಪ್ಪ ಇರುವುದಿಲ್ಲ. ಮೆಷಿನ್ ಹಾಳಾಗುವುದು ತುಕ್ಕಿನಿಂದಲ್ಲ, ಸವೆತದಿಂದ ಮತ್ತು ಬಿರುಕಿನಿಂದ. ಇದು ಗೊತ್ತಿಲ್ಲದೆ ನಾವು ಬಣ್ಣ ನೋಡಿ ಬೆಲೆ ಕಟ್ಟುತ್ತಿದ್ದೇವೆ.

ಹಾಗಾದರೆ ಏನು ನೋಡಬೇಕು? ಚಕ್ಕನ್ನು ಕೈಯಲ್ಲಿ ತಿರುಗಿಸಿ, ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಅದು ಬದಲಿಸಬಹುದಾದ ವಸ್ತು. ಕ್ಯಾರೇಜನ್ನು ಚಕ್ ಹತ್ತಿರದಿಂದ ಕೊನೆಯವರೆಗೆ ತಳ್ಳಿ. ಚಕ್ ಹತ್ತಿರ ಸಡಿಲ, ಕೊನೆಯಲ್ಲಿ ಬಿಗಿ ಅನಿಸಿದರೆ ಬೆಡ್ ಅಷ್ಟು ಸವೆದಿದೆ ಎಂದರ್ಥ. ಹೆಡ್‌ಸ್ಟಾಕ್ ಮೇಲೆ ವೆಲ್ಡಿಂಗ್ ಗುರುತು, ಬಿರುಕು ಇದೆಯೇ ನೋಡಿ. ಗೇರಿನ ಹಲ್ಲು ಎಣಿಸಿ. ಬೆಡ್ ಬಿರುಕು ಬಿಟ್ಟಿದ್ದರೆ ನಾವೇ ಹೇಳುತ್ತೇವೆ, ಗುಜರಿಗೆ ಹಾಕಿ. ಬರೀ ತುಕ್ಕಾದರೆ ಹಾಕಬೇಡಿ.

ಕೊಟ್ಟಿಗೆಯಲ್ಲೊಂದು ವರ್ಕ್‌ಶಾಪ್

ಮಾತಲ್ಲಿ ಹೇಳುವುದು ಸುಲಭ, ಮಾಡಿದವರು ಯಾರು ಎಂದು ಕೇಳುತ್ತೀರಿ. ಅರಕಲಗೂಡು ತಾಲ್ಲೂಕಿನಲ್ಲಿ ಒಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಐಟಿಐನಲ್ಲಿ ಟರ್ನರ್ ಓದಿ, ಬೆಂಗಳೂರಿನ ಪೀಣ್ಯದಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳಿದವರು. ಎರಡು ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿ, ಗುಜರಿ ಅಂಗಡಿಯಿಂದ ತೂಕದ ರೇಟಿಗೇ ಒಂದು ಲೇತ್ ತಂದರು. "ನನ್ ಹೆಂಡ್ತಿ ಒಂದ್ ವಾರ ಮಾತಾಡ್ಲಿಲ್ಲ ಸಾರ್" ಎಂದು ನಗುತ್ತಾರೆ.

ಅವರು ಮಾಡಿದ್ದು ಇಷ್ಟು. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ಫೋನಿನಲ್ಲಿ ತೆಗೆದರು. ಹಳೇ ಗ್ರೀಸ್ ಮೇಣ ಗಟ್ಟಿಯಾಗಿತ್ತು, ಡೀಸೆಲ್‌ನಲ್ಲಿ ನೆನೆಹಾಕಿ ಬ್ರಷ್‌ನಲ್ಲಿ ತೆಗೆದರು. ಬೆಡ್ ಮೇಲಿನ ತುಕ್ಕಿಗೆ ಎಣ್ಣೆ ಹಚ್ಚಿ, ಹರಿತವಾದ ಬ್ಲೇಡನ್ನು ಮಲಗಿಸಿ ಹಿಡಿದು ಹೆರೆದರು. ಗ್ರೈಂಡಿಂಗ್ ಮೆಷಿನ್ ಹತ್ತಿರಕ್ಕೂ ಬಿಡಲಿಲ್ಲ. ಬೆಡ್‌ಗೆ ಗ್ರೈಂಡರ್ ಕಲ್ಲು ತಾಗಿಸಿದರೆ ಅರ್ಧ ನಿಮಿಷದಲ್ಲಿ ಆಗುವ ಹಾನಿ ತುಕ್ಕು ಐವತ್ತು ವರ್ಷದಲ್ಲೂ ಮಾಡುವುದಿಲ್ಲ.

ಸಣ್ಣ ಭಾಗಗಳಿಗೆ ಬೇರೆ ಉಪಾಯ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರೆಸಿ ಎರಡು ವಾರ ಮುಳುಗಿಸಿಟ್ಟರು. ಹೌದು, ದನದ ಮೇವಿಗೆ ಬೆರೆಸುವ ಅದೇ ಕಾಕಂಬಿ. ತುಕ್ಕು ಬಿಡುತ್ತದೆ, ಗಟ್ಟಿ ಕಬ್ಬಿಣ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ವಾಸನೆ ಮಾತ್ರ ಮನೆಯವರು ಸಹಿಸಬೇಕು. ಅಲ್ಯೂಮಿನಿಯಂ ಭಾಗ ಇದರಲ್ಲಿ ಹಾಕಬಾರದು.

ಅವಸರ ಇದ್ದವರಿಗೆ ಕರೆಂಟಿನ ದಾರಿ ಇದೆ. ನೀರಿಗೆ ಐದು ಲೀಟರ್‌ಗೆ ಒಂದು ಚಮಚದಂತೆ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಭಾಗಕ್ಕೆ ಮೈನಸ್, ಒಂದು ಬೇಡದ ಕಬ್ಬಿಣದ ತಗಡಿಗೆ ಪ್ಲಸ್. ಎರಡೂ ಒಂದಕ್ಕೊಂದು ತಾಗಬಾರದು. ಆದರೆ ಇದನ್ನು ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಹಚ್ಚಬೇಡಿ; ಬರುವ ಗುಳ್ಳೆಯಲ್ಲಿ ಹೈಡ್ರೋಜನ್ ಇದೆ, ಹೊತ್ತಿಕೊಳ್ಳುತ್ತದೆ. ಪ್ಲಸ್‌ಗೆ ಸ್ಟೀಲ್ ತಟ್ಟೆ ಲೋಟ ಕಟ್ಟಬೇಡಿ, ನೀರು ವಿಷವಾಗುತ್ತದೆ. ಹೊರತೆಗೆದ ಕೂಡಲೇ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ತಡ ಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ.

ನಾಲ್ಕು ತಿಂಗಳು ಹಿಡಿಯಿತು. ಈಗ ಆ ಕೊಟ್ಟಿಗೆಗೆ ಟಿಲ್ಲರ್ ಶಾಫ್ಟ್ ಬರುತ್ತದೆ, ಟ್ರೇಲರ್ ಪಿನ್ನು ಬರುತ್ತದೆ, ಬುಶ್ ಬರುತ್ತದೆ. ನಾವು ಹೋದ ದಿನ ಹೊಳೆನರಸೀಪುರ ಕಡೆಯ ಒಬ್ಬ ರೈತರು ಪಂಪಿನ ಶಾಫ್ಟ್ ಹಿಡಿದು ಕೂತಿದ್ದರು. ನಾಟಿ ಮುಗಿದ ಗದ್ದೆ, ನೀರು ನಿಂತು ಎರಡು ದಿನ. "ಹಾಸನಕ್ಕೆ ಹೋದ್ರೆ ನಾಳಿದ್ದು ಬಾ ಅಂತಾರೆ. ನಾಳಿದ್ದಿನ ತಂಕ ಪೈರು ಕೇಳ್ಬೇಕಲ್ಲ" ಎಂದರು. ಸಂಜೆಗೆ ಶಾಫ್ಟ್ ಸಿದ್ಧವಾಗಿತ್ತು. ನಮ್ಮ ವಾದವೆಲ್ಲ ಇದೇ. ತಾಲ್ಲೂಕಿನಲ್ಲಿ ಒಂದು ಲೇತ್ ಕಡಿಮೆಯಾದರೆ ಒಣಗುವುದು ಯಾರದೋ ಗದ್ದೆ.

ಪಟ್ಟಿಯಲ್ಲಿ ಟರ್ನರ್ ಎಲ್ಲಿ?

ಇವರಿಗೆ ಸರ್ಕಾರ ಏನು ಕೊಟ್ಟಿತು? ಏನೂ ಇಲ್ಲ.

2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು. ಒಳ್ಳೆಯದೇ. 18 ಕಸುಬುಗಳ ಪಟ್ಟಿ ಮಾಡಿದರು. ಕಮ್ಮಾರರಿದ್ದಾರೆ, ಬಡಗಿಯಿದ್ದಾರೆ, ಬೀಗ ಮಾಡುವವರಿದ್ದಾರೆ, ದೋಣಿ ಮಾಡುವವರೂ ಇದ್ದಾರೆ. ಲೇತ್ ನಡೆಸುವ ಟರ್ನರ್ ಇಲ್ಲ, ಫಿಟ್ಟರ್ ಇಲ್ಲ. ಪಟ್ಟಿಯಲ್ಲಿ ಇರುವವರಿಗಾದರೂ ಉಪಕರಣಕ್ಕೆ ಸಿಗುವುದು 15,000 ರೂಪಾಯಿಯ ವೋಚರ್. ಹಳೇ ಮೆಷಿನ್‌ಗೆ ಬೇರಿಂಗ್ ಹಾಕಿಸುತ್ತೇನೆ, ಮೋಟರ್ ಕಟ್ಟಿಸುತ್ತೇನೆ ಎಂದು ಹೊರಟವರಿಗೆ ಈ ದಾರಿಯೇ ಇಲ್ಲ.

ಮುದ್ರಾ ಸಾಲ ಇದೆಯಲ್ಲ ಎನ್ನುತ್ತೀರಿ. ನಮಗೆ ಗೊತ್ತಿರುವ ಒಬ್ಬರು ಒಂದು ಬ್ಯಾಂಕಿಗೆ ಹೋಗಿ ಹಳೇ ಲೇತ್ ಕೊಂಡು ರಿಪೇರಿ ಮಾಡಿಸಲು ಸಾಲ ಕೇಳಿದರು. "ಜಿಎಸ್‌ಟಿ ಇರೋ ಕೊಟೇಶನ್ ತನ್ನಿ" ಎಂದರಂತೆ. ಗುಜರಿ ಅಂಗಡಿಯವನು ಎಲ್ಲಿಂದ ಕೊಟೇಶನ್ ಕೊಡುತ್ತಾನೆ? ಸೆಕೆಂಡ್‌ಹ್ಯಾಂಡ್ ಕಾರಿಗೆ ಸಾಲ ಉಂಟು. ಸೆಕೆಂಡ್‌ಹ್ಯಾಂಡ್ ಟ್ರಾಕ್ಟರಿಗೆ ಸಾಲ ಉಂಟು. ದುಡಿದು ಸಾಲ ತೀರಿಸುವ ಲೇತ್‌ಗೆ ಮಾತ್ರ ಕಾಗದ ಬೇಕು.

ಇನ್ನೊಂದು ಕೇಳುತ್ತೇವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಲಾಯಿತು. ಸಿಎನ್‌ಸಿ ಬಂತು, ರೋಬಾಟ್ ಬಂತು. ಬರಲಿ, ನಮ್ಮ ಮಕ್ಕಳು ಕಲಿಯಲಿ. ಆದರೆ ಸರ್ಕಾರದ ಯಾವುದೇ ಕಚೇರಿ, ಕಾರ್ಖಾನೆ, ತರಬೇತಿ ಕೇಂದ್ರದಲ್ಲಿ ಹೊಸ ಮೆಷಿನ್ ಬಂದಾಗ ಹಳೆಯದು ಎಲ್ಲಿಗೆ ಹೋಗಬೇಕು? ಟನ್ ಲೆಕ್ಕದಲ್ಲಿ, ಲಾಟ್ ಕಟ್ಟಿ, ಆನ್‌ಲೈನ್ ಹರಾಜಿಗೆ ಇಟ್ಟರೆ ಅರಕಲಗೂಡಿನ ಟರ್ನರ್ ಕೂಗಲು ಸಾಧ್ಯವೇ? ದೊಡ್ಡ ಗುಜರಿ ವ್ಯಾಪಾರಿಗೇ ಅದು ಸಿಗುವುದು, ಕೊನೆಗೆ ಕುಲುಮೆಗೇ ಹೋಗುವುದು.

ಕರೆಂಟಿನ ಕಥೆ ಬೇರೆ. ಹಳೇ ಲೇತ್‌ಗಳಲ್ಲಿ ಹೆಚ್ಚಿನವು ತ್ರೀಫೇಸ್ ಮೋಟರಿನವು. ಮನೆಗಳಿಗೆ ಇರುವುದು ಸಿಂಗಲ್ ಫೇಸ್. ಪಂಪ್‌ಸೆಟ್ ಲೈನಿನಲ್ಲಿ ಲೇತ್ ಓಡಿಸುವಂತಿಲ್ಲ, ಓಡಿಸಲೂಬಾರದು. ಪ್ರತ್ಯೇಕ ಕನೆಕ್ಷನ್‌ಗೆ ಡಿಪಾಸಿಟ್ಟು, ಕಾಗದ, ಓಡಾಟ. ಸಣ್ಣ ಲೇತ್ ಆದರೆ ಒಂದೆರಡು ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಕೂರಿಸಬಹುದು, ಅಥವಾ ಸಿಂಗಲ್ ಫೇಸನ್ನು ತ್ರೀಫೇಸ್ ಮಾಡಿಕೊಡುವ ವಿಎಫ್‌ಡಿ ಡಬ್ಬಿ ಹಾಕಿಸಬಹುದು. ಎರಡನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇದನ್ನು ಹೇಳಿಕೊಡುವ ಒಬ್ಬ ಅಧಿಕಾರಿ ಜಿಲ್ಲೆಯಲ್ಲಿ ಇದ್ದರೆ ನಮಗೆ ತೋರಿಸಿ, ಹಾರ ಹಾಕುತ್ತೇವೆ.

ನೀವು ಕೇಳುವ ಪ್ರಶ್ನೆ

"ಈಗ ಸಿಎನ್‌ಸಿ ಕಾಲ ಕಣ್ರೀ, ಹಳೇದು ಹಿಡ್ಕೊಂಡು ಏನ್ ಮಾಡ್ತೀರಿ?" ಎನ್ನುತ್ತೀರಿ. ಒಂದೇ ಥರದ ಸಾವಿರ ಬೋಲ್ಟ್ ಮಾಡಲು ಸಿಎನ್‌ಸಿಯೇ ಸರಿ. ನಿಮ್ಮ ಪಂಪಿನ ಒಂದೇ ಒಂದು ಶಾಫ್ಟ್ ಮಾಡಲು ಪ್ರೋಗ್ರಾಂ ಬರೆಯುತ್ತಾ ಯಾರು ಕೂರುತ್ತಾರೆ? ರಿಪೇರಿ ಕೆಲಸ ಎಂದರೆ ಒಂದೊಂದೇ ಕೆಲಸ. ಅದಕ್ಕೆ ಕೈ ಲೇತ್ ಬೇಕು.

"ಹಳೇ ಮೆಷಿನ್ ಅಪಾಯ" ಎನ್ನುತ್ತೀರಿ. ಇದು ನಿಜ, ಒಪ್ಪುತ್ತೇವೆ. ಹಳೇ ಲೇತ್‌ನಲ್ಲಿ ಬೆಲ್ಟಿಗೆ ಮುಚ್ಚಳ ಇರುವುದಿಲ್ಲ. ಪಂಚೆ, ಹೆಗಲ ಟವೆಲ್, ಕೈಗವಸು, ಬಳೆ, ಕೈದಾರ ಯಾವುದೂ ತಿರುಗುವ ಚಕ್ ಹತ್ತಿರ ಬರಬಾರದು. ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಗುಂಡಿನಂತೆ ಹಾರುತ್ತದೆ. ಮೊದಲು ಬೆಲ್ಟಿಗೆ ತಗಡಿನ ಮುಚ್ಚಳ, ಕೈಗೆ ಸಿಗುವಲ್ಲಿ ಆಫ್ ಸ್ವಿಚ್, ಅರ್ಥಿಂಗ್. ಆಮೇಲೆ ಪೇಂಟ್.

ಪೇಂಟಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇವೆ. ತುಕ್ಕಿನ ಮೇಲೇ ಹಸಿರು ಬಣ್ಣ ಬಳಿದು, "ಫುಲ್ ಕಂಡೀಷನ್" ಎಂದು ಮಾರುವವರು ಹುಟ್ಟಿಕೊಂಡಿದ್ದಾರೆ. ಅದು ರಿಪೇರಿಯಲ್ಲ, ಮೋಸ. ಹೊಳಪು ನೋಡಬೇಡಿ. ಒಂದು ಕಬ್ಬಿಣದ ಸರಳು ಕಟ್ಟಿಸಿ, ಹೆರೆಸಿ, ಎರಡೂ ತುದಿ ಅಳೆಸಿ ನೋಡಿ. ಎರಡು ತುದಿಯ ದಪ್ಪ ಒಂದೇ ಬಂದರೆ ದುಡ್ಡು ಕೊಡಿ.

ನಾವು ಕೇಳುವುದು ಇಷ್ಟೇ. ಸರ್ಕಾರಿ ಹರಾಜಿನಲ್ಲಿ ಲೇತ್, ಡ್ರಿಲ್ಲಿಂಗ್, ಶೇಪಿಂಗ್ ಮೆಷಿನ್‌ಗಳನ್ನು ಗುಜರಿ ಲಾಟಿಗೆ ಸೇರಿಸದೆ ಒಂದೊಂದಾಗಿ ಇಡಿ, ಮೊದಲ ಅವಕಾಶ ತಾಲ್ಲೂಕಿನ ಐಟಿಐ ಪಾಸಾದವರಿಗೆ ಕೊಡಿ. ಯೋಜನೆಯ ಪಟ್ಟಿಗೆ ಟರ್ನರ್, ಫಿಟ್ಟರ್ ಸೇರಿಸಿ, ರಿಪೇರಿ ಖರ್ಚಿಗೂ ವೋಚರ್ ನಡೆಯಲಿ. ಐಟಿಐ ಮೇಷ್ಟ್ರು ಮೆಷಿನ್ ನೋಡಿ ಬರೆದುಕೊಟ್ಟರೆ ಬ್ಯಾಂಕು ಅದನ್ನೇ ಕೊಟೇಶನ್ ಎಂದು ಒಪ್ಪಲಿ. ಟರ್ನರ್, ಫಿಟ್ಟರ್ ಓದುವ ಮಕ್ಕಳಿಗೆ ವರ್ಷಕ್ಕೊಂದು ಸತ್ತ ಮೆಷಿನ್ ಕೊಟ್ಟು ಬದುಕಿಸಿ ಎನ್ನಲಿ. ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರ ಮನಸ್ಸು ಮಾಡಿದರೆ ಈ ನಾಲ್ಕು ಮಾತನ್ನೂ ಮೇಲಕ್ಕೆ ಬರೆದು ಕಳಿಸಬಹುದು.

ಸರ್ಕಾರಕ್ಕೆ ಹೇಳಿದ್ದಾಯಿತು. ಈಗ ನಿಮಗೆ, ನಮಗೆ.

ಆಯುಧಪೂಜೆ ದಿನ ನಾವು ಮೆಷಿನ್ ತೊಳೆಯುತ್ತೇವೆ, ವಿಭೂತಿ ಹಚ್ಚುತ್ತೇವೆ, ಚೆಂಡು ಹೂವಿನ ಹಾರ ಹಾಕಿ ಬೂದುಗುಂಬಳ ಒಡೆಯುತ್ತೇವೆ. ಮುಂದಿನ ಬೇಸಿಗೆಯಲ್ಲಿ ಅದೇ ಮೆಷಿನ್ ಸಮ್ಮಟಿಯಲ್ಲಿ ಒಡೆಸುತ್ತೇವೆ. ಈ ಸಲ ಹಾಗೆ ಮಾಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹಿತ್ತಲಲ್ಲಿ, ಹಳೇ ಮಿಲ್ಲಿನಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಅಂಥ ಮೆಷಿನ್ ಇದ್ದರೆ ನಿಮ್ಮ ಹೋಬಳಿಯಲ್ಲಿ ಲೇತ್ ಗೊತ್ತಿರುವವರನ್ನು ಕರೆದು ತೋರಿಸಿ. ಅವರೂ ಬೇಡ ಎಂದರೆ ಗುಜರಿ ಗಾಡಿ ಹೇಗೂ ಬರುತ್ತದೆ. ಅದು ಪ್ರತಿ ವಾರ ಬರುತ್ತದೆ. ಲೇತ್ ಬರುವುದಿಲ್ಲ.