ಚೆಲುವು ಚರ್ಮದಲ್ಲಿಲ್ಲ

ಅಭಿನಯವೆಂದರೆ ಮುಖಭಾವ, ನಟಿಯ ಚೆಲುವೆಂದರೆ ಸುಕ್ಕಿಲ್ಲದ ಚರ್ಮ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ನಾನು ಒಪ್ಪಲಾರೆ. ಹಾಗೆನ್ನುವವರು 1960ರಲ್ಲಿ ತೆರೆಕಂಡ, ಜಾರ್ಜ್ ಫ್ರಾಂಜು ನಿರ್ದೇಶನದ ಫ್ರೆಂಚ್ ಚಿತ್ರ ‘ಐಸ್ ವಿದೌಟ್ ಎ ಫೇಸ್’ ಒಮ್ಮೆ ನೋಡಲಿ.

ಅಪಘಾತದಲ್ಲಿ ಮುಖ ಕಳೆದುಕೊಂಡ ಯುವತಿಯಾಗಿ ಎಡಿತ್ ಸ್ಕಾಬ್ ಚಿತ್ರದ ಬಹುಭಾಗ ನಯವಾದ ಬಿಳಿ ಮುಖವಾಡದಲ್ಲಿಯೇ ಇರುತ್ತಾರೆ. ಹುಬ್ಬು ಏರದು, ತುಟಿ ನಡುಗದು. ಉಳಿದದ್ದು ಎರಡು ಕಣ್ಣು, ಕೊರಳ ಬಾಗು, ಹೆಜ್ಜೆ, ದನಿ. ಅಷ್ಟರಲ್ಲಿಯೇ ಆಕೆಯ ಒಂಟಿತನ ನಮ್ಮನ್ನು ತಟ್ಟುತ್ತದೆ. ಕೊನೆಗೆ ಬೋನಿನ ನಾಯಿಗಳನ್ನೂ ಪಾರಿವಾಳಗಳನ್ನೂ ಬಿಡಿಸಿ ಕತ್ತಲೆಗೆ ನಡೆದುಹೋಗುವಾಗ ಎದೆ ತುಂಬಿ ಬರುತ್ತದೆ. ಶಸ್ತ್ರವೈದ್ಯನಾದ ತಂದೆಯೋ, ಅನ್ಯರ ಹೆಣ್ಣುಮಕ್ಕಳ ಮುಖದ ಚರ್ಮ ಸುಲಿದು ಮಗಳಿಗೆ ಕಸಿ ಮಾಡಿದರೆ ಚೆಲುವು ಮರಳೀತೆಂದು ನಂಬಿದವನು. ಚೆಲುವನ್ನು ಚರ್ಮದಲ್ಲಿ ಅಳೆಯುವವರೆಲ್ಲರೂ ಅವನ ಪಕ್ಷದವರೇ.

ವೈದ್ಯನಾಗಿ ಇನ್ನೊಂದು ಮಾತು. ಸುಕ್ಕು ಅಳಿಸಲು ಚುಚ್ಚುವ ಬೊಟಾಕ್ಸ್, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಸುಮಾರು 3–4 ತಿಂಗಳು ತಡೆಯುತ್ತದೆ. ಹಣೆಯ ಗೆರೆಗಳೊಡನೆ ಬೆರಗು, ಚಿಂತೆಗಳ ಗುರುತೂ ಮಾಸುತ್ತದೆ. ರೋಗಕ್ಕೆ ಅದನ್ನು ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಚುಚ್ಚಿಸಿಕೊಂಡ ನಟಿಯರನ್ನೂ ನಾನು ದೂರುತ್ತಿಲ್ಲ. ನಟಿಗೆ ವಯಸ್ಸಾಗಕೂಡದೆಂದು ಹಟ ಹಿಡಿಯುವ ಪ್ರೇಕ್ಷಕರನ್ನು, ಎಂದರೆ ನಮ್ಮನ್ನೇ, ದೂರುತ್ತಿದ್ದೇನೆ.

2012ರ ‘ಹೋಲಿ ಮೋಟರ್ಸ್’ ಚಿತ್ರದ ಕೊನೆಯಲ್ಲಿ, 70 ದಾಟಿದ ಸ್ಕಾಬ್ ಮತ್ತೊಮ್ಮೆ ಮುಖವಾಡ ತೊಡುತ್ತಾರೆ. ತೊಡುವ ಮುನ್ನ ಕಂಡ ಆ ಸುಕ್ಕುಗಟ್ಟಿದ ಮುಖವೂ ಅಷ್ಟೇ ಚೆಲುವಾಗಿತ್ತು.