ತೆರೆಯ ಮೇಲಿನ ಕನ್ನಡಕ್ಕೆ ಹೊಣೆ ಯಾರು?

ಓದುಗರ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸರಣಿ: ಸಕಾರ, ವಿರಾಮ, ತಕಾರ, ಮತ್ತೆ ವಿರಾಮ, ರಕಾರ, ಕೊನೆಗೆ ಈಕಾರದ ಚಿಹ್ನೆ. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದಾಗ ಅಕ್ಷರವಿಡೀ ಅಳಿಯಬೇಕೆ, ಕೊನೆಯ ಚಿಹ್ನೆಯಷ್ಟೇ ಅಳಿಯಬೇಕೆ? ಉತ್ತರವನ್ನು ಯಂತ್ರ ಹೇಳಲಾರದು. ಬರೆಯುವವರ ಮನಸ್ಸು ಅಕ್ಷರವನ್ನು ಹೇಗೆ ಗ್ರಹಿಸುತ್ತದೆಂಬುದನ್ನು ಬಲ್ಲವರು ಹೇಳಬೇಕು. ಮನುಷ್ಯ ಮತ್ತು ಗಣಕದ ನಡುವಿನ ಇಂಥ ವ್ಯವಹಾರವನ್ನು ಅಭ್ಯಸಿಸುವ ಶಾಸ್ತ್ರವೇ ಹ್ಯೂಮನ್ ಕಂಪ್ಯೂಟರ್ ಇಂಟರ್ಯಾಕ್ಷನ್. ಅದು ಎಂಜಿನಿಯರಿಂಗ್ ಓದುವವರ ಸ್ವತ್ತೆಂಬ ಭಾವನೆಯನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ತೊರೆಯಬೇಕಾಗಿದೆ.

ಈ ಕ್ಷೇತ್ರದ ವಿದ್ವಾಂಸ ಯಾಕೋಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿದ ಹತ್ತು ಸೂತ್ರಗಳಲ್ಲೊಂದು, ವ್ಯವಸ್ಥೆಯು ಬಳಕೆದಾರರ ಭಾಷೆಯಲ್ಲಿ ಮಾತನಾಡಬೇಕೆನ್ನುತ್ತದೆ. ಲಿಪಿ ಬದಲಾದ ಮಾತ್ರಕ್ಕೆ ಅದು ಈಡೇರುವುದಿಲ್ಲ. ಜಾಲತಾಣದ ‘ಹೋಮ್’ ಅನ್ನು ‘ಮನೆ’ ಎಂದರೆ ಓದುಗರು ತಡವರಿಸುತ್ತಾರೆ; ‘ಮುಖಪುಟ’ ಎಂದರೆ ದಾರಿ ತಿಳಿಯುತ್ತದೆ.

ಕೊನೆಯಲ್ಲಿ ಅನುವಾದಕರನ್ನು ಕರೆದರೆ ಸಾಲದೆ ಎಂದು ಕೇಳುವವರುಂಟು. ಸಾಲದು. ಇಂಗ್ಲಿಷಿನ ಎತ್ತರಕ್ಕೆ ಅಳೆದ ಗುಂಡಿಯಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಯಾವ ಹೆಸರು ಬಂದರೂ ಅದರ ಮುಂದೆ ‘ಗೆ’ ಅಂಟಿಸುವ ತಂತ್ರಾಂಶಕ್ಕೆ ‘ಸೀತೆಗೆ’ ಒದಗುತ್ತದೆ. ‘ರಾಮನಿಗೆ’, ‘ಗುರುವಿಗೆ’ ಒದಗುವುದಿಲ್ಲ. ವಿಭಕ್ತಿಯನ್ನು ಬಲ್ಲವರು ವಿನ್ಯಾಸದ ಮೊದಲ ದಿನವೇ ಅಲ್ಲಿರಬೇಕು. ಭಾಷೆಯ ಧ್ವನಿಕ್ರಮವನ್ನರಿತು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಫಲವನ್ನು ಕನ್ನಡಿಗರು ಇಂದಿಗೂ ಉಣ್ಣುತ್ತಿದ್ದಾರೆ.

ಗಡಿನಾಡಿನವರಿಗೆ ಈ ಹೊಣೆ ಇನ್ನೂ ಹೆಚ್ಚು. ರಾಜ್ಯವನ್ನು ನೋಡಿ ಭಾಷೆಯನ್ನು ನಿರ್ಧರಿಸುವ ವಿನ್ಯಾಸವು ಕಾಸರಗೋಡಿನ ಕನ್ನಡಿಗರ ಮುಂದೆ ಮಲಯಾಳವನ್ನೂ, ತಾಳವಾಡಿಯವರ ಮುಂದೆ ತಮಿಳನ್ನೂ, ಅಕ್ಕಲಕೋಟೆಯವರ ಮುಂದೆ ಮರಾಠಿಯನ್ನೂ ಇರಿಸುತ್ತದೆ. ಆ ಭಾಷೆಗಳೊಡನೆ ಇವರಿಗೆ ಜಗಳವಿಲ್ಲ. ಆಯ್ಕೆಯ ಪಟ್ಟಿಯಲ್ಲಿ ‘ಕನ್ನಡ’ ಎಂಬ ಪದ, ಕನ್ನಡ ಲಿಪಿಯಲ್ಲೇ, ಕೈಗೆಟಕುವಂತಿರಬೇಕೆಂಬುದಷ್ಟೇ ನ್ಯಾಯ. ಮನೆ, ಶಾಲೆ, ಕಚೇರಿಗಳಲ್ಲಿ ಬೇರೆ ಬೇರೆ ಭಾಷೆಗಳನ್ನಾಡುತ್ತ ಬೆಳೆದವರಿಗೆ ಈ ಕೊರತೆ ಕಾಣುವಷ್ಟು ಸ್ಪಷ್ಟವಾಗಿ ಇತರರಿಗೆ ಕಾಣದು.

ಆರಂಭಕ್ಕೆ ಪ್ರಯೋಗಾಲಯ ಬೇಡ. ಹಿರಿಯರೊಬ್ಬರು ಮೊಬೈಲಿನಲ್ಲಿ ಕನ್ನಡ ಅರ್ಜಿಯೊಂದನ್ನು ತುಂಬುವಾಗ ಪಕ್ಕದಲ್ಲಿ ಕುಳಿತು, ನೆರವಿಗೆ ಕೈ ಚಾಚದೆ, ಅವರ ಬೆರಳು ಎಲ್ಲಿ ನಿಂತಿತು, ಯಾವ ಪದಕ್ಕೆ ಹುಬ್ಬು ಗಂಟಿಕ್ಕಿತು ಎಂದು ಬರೆದುಕೊಂಡರೆ ಅದೇ ಮೊದಲ ಪಾಠ. ಆ ಟಿಪ್ಪಣಿಯನ್ನು ಸೆಮಿಸ್ಟರಿನ ಕಿರುಪ್ರಬಂಧವಾಗಿ ಸ್ವೀಕರಿಸಲು ಕನ್ನಡ ವಿಭಾಗಗಳು ಮನಸ್ಸು ಮಾಡಬೇಕು. ಕನ್ನಡದಲ್ಲಿ ಕೆಲಸ ಸಾಗದೆ ಇಂಗ್ಲಿಷಿಗೆ ಹೊರಳಿದ ಬೆರಳನ್ನು ಮರಳಿ ಕರೆತರುವುದು ಸುಲಭವಲ್ಲ.