ರಬ್ಬರ್ ಬೋಟು ಬಂದರೆ ಸಾಲದು, ಮೋಟರ್ ಕೂರಿಸುವ ಕೈಯೂ ಬೇಕು

ಮೊಗುಡಂಪಲ್ಲಿಯ ಮಗ್ಗುಲಲ್ಲಿ ದೊಡ್ಡ ಹೊಳೆ ಹರಿಯುವುದಿಲ್ಲ. 2016ರಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಸಂಗಾರೆಡ್ಡಿ ಜಿಲ್ಲೆಯ ಹೊಸ ಮಂಡಲವಾದ ಈ ಊರು ಕಬ್ಬು, ತೊಗರಿ, ಶುಂಠಿ ಬೆಳೆಯುವ ಸೀಮೆಯದು. ಬೇಸಿಗೆಯಲ್ಲಿ ಇಲ್ಲಿ ನಿಂತು ಮೋಟರ್ ಬೋಟಿನ ಮಾತೆತ್ತಿದರೆ ಯಾರಿಗಾದರೂ ವಿಚಿತ್ರ ಅನ್ನಿಸೀತು. ಆದರೆ ನಕಾಶೆ ಬಿಡಿಸಿ ನೋಡಿದರೆ ಕರ್ನಾಟಕ-ತೆಲಂಗಾಣ ಗಡಿಯನ್ನು ನೀರು ಎಷ್ಟು ಕಡೆ ದಾಟುತ್ತದೆ ಎಂಬುದು ಕಾಣುತ್ತದೆ. ಜಹೀರಾಬಾದ್ ಕಡೆಯ ನಾರಂಜಾ ಬೀದರಿನತ್ತ ಹೋಗುತ್ತದೆ. ಬೀದರಿನ ಸಹಕಾರ ಸಕ್ಕರೆ ಕಾರ್ಖಾನೆಗೆ ಹೆಸರು ಕೊಟ್ಟದ್ದು ಇದೇ ಹೊಳೆ. ಬೀದರ ಜಿಲ್ಲೆಯನ್ನು ಹಾದ ಮಾಂಜ್ರಾ ನಾರಾಯಣಖೇಡದ ಕಡೆಯಿಂದ ತೆಲಂಗಾಣಕ್ಕಿಳಿದು 29.9 ಟಿಎಂಸಿ ಸಾಮರ್ಥ್ಯದ ಸಿಂಗೂರು ಜಲಾಶಯವನ್ನು ತುಂಬುತ್ತದೆ. ತಾಂಡೂರಿನ ಕಾಗಿಣಾ ಸೇಡಂ, ಮಳಖೇಡಗಳನ್ನು ದಾಟಿ ಭೀಮೆಯನ್ನು ಸೇರುತ್ತದೆ.

ಇವು ವರ್ಷದ ಹೆಚ್ಚಿನ ದಿನ ಬಡಕಲಾಗಿರುವ ಹೊಳೆಗಳು. ಅಪಾಯ ಇರುವುದೂ ಅಲ್ಲಿಯೇ. ಸದಾ ತುಂಬಿ ಹರಿಯುವ ನದಿಯ ದಂಡೆಯಲ್ಲಿ ದೋಣಿ ಇರುತ್ತದೆ, ಈಜು ಬಲ್ಲವರು ಇರುತ್ತಾರೆ, ಸೆಳವು ಎಲ್ಲಿದೆ ಎಂದು ಬಲ್ಲ ಹಿರಿಯರು ಇರುತ್ತಾರೆ. ಒಂದೇ ರಾತ್ರಿಯಲ್ಲಿ ಉಕ್ಕುವ ಹಳ್ಳದ ಬದಿಯಲ್ಲಿ ಇವು ಯಾವುವೂ ಇರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಹೈದರಾಬಾದನ್ನು ಮುಳುಗಿಸಿದ ಮಳೆ ಕಾಗಿಣಾ ಮತ್ತು ಭೀಮೆಯ ದಂಡೆಯ ಹಳ್ಳಿಗಳನ್ನೂ ಬಿಡಲಿಲ್ಲ. ಕಲಬುರಗಿ ಜಿಲ್ಲೆಯ ರಕ್ಷಣಾ ಕೆಲಸಕ್ಕೆ ಸೇನೆ ಬರಬೇಕಾಯಿತು. 2025ರ ಆಗಸ್ಟ್ ಕೊನೆಯಲ್ಲಿ ಮೆದಕ್, ಕಾಮಾರೆಡ್ಡಿಗಳು ಮುಳುಗಿದವು. ಅದರ ಮುಂದಿನ ತಿಂಗಳೇ ಭೀಮೆ ಮತ್ತೆ ಕಲಬುರಗಿಯ ಊರುಗಳಿಗೆ ನುಗ್ಗಿತು.

ಪ್ರತಿ ನೆರೆಯ ನಂತರವೂ ಬೋಟು ಖರೀದಿಯ ಮಾತು ಬರುತ್ತದೆ. ಗಾಳಿ ತುಂಬಿಸುವ ರಬ್ಬರ್ ಬೋಟು, ಅದಕ್ಕೊಂದು ಹೊರಮೋಟರ್, ಹತ್ತಾರು ಲೈಫ್ ಜಾಕೆಟ್. ರಕ್ಷಣಾ ಪಡೆಯವರು ಓಬಿಎಂ ಎಂದು ಕರೆಯುವ ಈ ಮೋಟರನ್ನು ಬೋಟಿಗೆ ಕೂರಿಸುವುದು ಒಂದು ಪ್ರತ್ಯೇಕ ವಿದ್ಯೆ. ಟೆಂಡರಿನ ಕಾಗದದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಬಂದ ಬೋಟು ಅರ್ಧ ಬೋಟೇ.

ಆ ವಿದ್ಯೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರ ಹೊತ್ತಿಗೆ ದೋಣಿಯ ಹಿಂಬದಿಗೆ ನೇತುಹಾಕುವ ಎಂಜಿನ್ನನ್ನು ಮಾರುಕಟ್ಟೆಗೆ ತಂದಿದ್ದ. ಅದನ್ನು ಗಾಳಿದೋಣಿಗೆ ಸೇರಿಸುವುದು ಮಾತ್ರ ಸುಲಭವಾಗಿರಲಿಲ್ಲ. ಗಾಳಿ ತುಂಬಿದ ಬಟ್ಟೆಗೆ ಎಂಜಿನ್ ಕಚ್ಚಿಸುವುದು ಎಲ್ಲಿ? ಫ್ರಾನ್ಸಿನ ಝೋಡಿಯಾಕ್ ಕಂಪನಿಯ ಪಿಯೆರ್ ದೆಬ್ರುತೆಲ್ 1930ರ ದಶಕದಲ್ಲಿ ಇದಕ್ಕೆ ಉತ್ತರ ಕಂಡುಕೊಂಡ. ಕುದುರೆಲಾಳದ ಆಕಾರದಲ್ಲಿ ಗಾಳಿಕೊಳವೆಗಳನ್ನು ಬಾಗಿಸಿ, ಹಿಂಬದಿಯ ಎರಡು ತುದಿಗಳ ನಡುವೆ ಮರದ ಹಲಗೆಯೊಂದನ್ನು ನಿಲ್ಲಿಸಿದ. ಟ್ರಾನ್ಸಮ್ ಎಂದು ಕರೆಯುವ ಆ ಹಲಗೆಯೇ ಇಂದಿಗೂ ಮೋಟರಿನ ಪೀಠ. ಬೋಟು ಚೆನ್ನಾಗಿದ್ದು, ಮೋಟರೂ ಚೆನ್ನಾಗಿದ್ದು, ಎರಡೂ ಸೇರಿ ಕೆಲಸ ಮಾಡದೆ ಹೋದರೆ ಮೊದಲು ನೋಡಬೇಕಾದ್ದು ಈ ಹಲಗೆಯನ್ನು.

ಮೋಟರಿನ ಕಾಲು, ಅಂದರೆ ಶಾಫ್ಟ್, ಬೇರೆ ಬೇರೆ ಉದ್ದಗಳಲ್ಲಿ ಬರುತ್ತದೆ. ಗಿಡ್ಡ ಶಾಫ್ಟ್ ಸುಮಾರು 15 ಇಂಚು ಎತ್ತರದ ಹಲಗೆಗೆ, ಉದ್ದದ್ದು 20 ಇಂಚಿನದಕ್ಕೆ. ಪ್ರೊಪೆಲ್ಲರಿನ ಮೇಲೆ ರೆಕ್ಕೆಯಂತೆ ಚಾಚಿಕೊಂಡ ಒಂದು ಫಲಕವಿರುತ್ತದೆ. ಅದು ಬೋಟಿನ ತಳಕ್ಕಿಂತ ಒಂದು ಇಂಚಿನಷ್ಟು ಕೆಳಗಿರಬೇಕು. ಫಲಕ ಮೇಲಾದರೆ ಪ್ರೊಪೆಲ್ಲರ್ ನೀರಿನ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎಂಜಿನ್ ಅರಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಸೆಳವಿನ ನಡುವೆ ಹೀಗಾದರೆ ಗತಿಯೇನು ಎಂಬುದನ್ನು ವಿವರಿಸಬೇಕಿಲ್ಲ. ಫಲಕ ತೀರ ಕೆಳಗಾದರೆ ಎಳೆತ ಹೆಚ್ಚಿ ವೇಗ ಕುಗ್ಗುತ್ತದೆ, ಮೊಣಕಾಲುದ್ದದ ನೀರಿನಲ್ಲಿ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಬೋಟನ್ನು ಒಂದು ಕಡೆಯಿಂದ, ಮೋಟರನ್ನು ಇನ್ನೊಂದು ಕಡೆಯಿಂದ ತರಿಸಿ ಉಗ್ರಾಣದಲ್ಲಿ ಒಟ್ಟಿಗಿಟ್ಟರೆ ಈ ಲೆಕ್ಕ ತಪ್ಪಿದ್ದು ನೆರೆಯ ದಿನದವರೆಗೂ ತಿಳಿಯುವುದಿಲ್ಲ.

ಕೂರಿಸುವಾಗ ಮೋಟರ್ ಹಲಗೆಯ ನಟ್ಟನಡುವೆ ಇರಬೇಕು. ಎರಡು ಕ್ಲ್ಯಾಂಪ್ ಸ್ಕ್ರೂಗಳನ್ನು ಕೈಯಿಂದ ಬಿಗಿದು, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಬಿಗಿಯಬೇಕು. ನಡುಕಕ್ಕೆ ಅವು ಸಡಿಲವಾಗುವುದು ಮಾಮೂಲು. ಅದಕ್ಕೇ ಮೋಟರನ್ನು ಸರಪಳಿ ಅಥವಾ ಹಗ್ಗದಿಂದ ಬೋಟಿಗೆ ಬೇರೆಯಾಗಿ ಕಟ್ಟಿರಬೇಕು. 25 ಅಶ್ವಶಕ್ತಿಯ ಟೂ-ಸ್ಟ್ರೋಕ್ ಮೋಟರ್ ಸುಮಾರು 50 ಕಿಲೋ ತೂಗುತ್ತದೆ. ಅಷ್ಟು ಭಾರ ಹಿಂಬದಿಗೆ, ಅದರ ಪಕ್ಕದಲ್ಲೇ ಚಾಲಕನೊಬ್ಬ, ಮುಂಭಾಗ ಖಾಲಿ; ಹೀಗಿರುವಾಗ ಒಮ್ಮೆಲೇ ಥ್ರಾಟಲ್ ತಿರುವಿದರೆ ಬೋಟಿನ ಮೂತಿ ಮೇಲೇಳುತ್ತದೆ. ಎದುರುಗಾಳಿ ಜೋರಾಗಿದ್ದರೆ ಹಿಂದಕ್ಕೆ ಮಗುಚಿಯೇ ಬಿಡಬಹುದು. ಎಷ್ಟು ಜನ, ಎಷ್ಟು ಅಶ್ವಶಕ್ತಿ ಎಂಬುದನ್ನು ತಯಾರಕರು ಬೋಟಿನ ಮೇಲೆಯೇ ಬರೆದಿರುತ್ತಾರೆ. ದೊಡ್ಡ ಮೋಟರ್ ಹಾಕಿದರೆ ಒಳ್ಳೆಯದು ಎಂಬ ನಂಬಿಕೆಯನ್ನು ಆ ಬರಹದೆದುರು ಬದಿಗಿಡಬೇಕು.

ಗಾಳಿಯ ವಿಷಯವೂ ಹಾಗೆಯೇ. ಇಂಥ ಬೋಟಿನ ಕೊಳವೆಗಳಿಗೆ ಬೇಕಾದ ಒತ್ತಡ ಸಾಮಾನ್ಯವಾಗಿ 3ರಿಂದ 3.6 ಪಿಎಸ್ಐ, ಬೈಕಿನ ಟೈರಿನದಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಕಡಿಮೆಯಾದರೆ ಬೋಟು ನಡುವೆ ಬಳುಕುತ್ತದೆ, ಹಲಗೆ ಹಿಂದಕ್ಕೆ ವಾಲುತ್ತದೆ, ಅದರ ಜೊತೆ ಪ್ರೊಪೆಲ್ಲರಿನ ಕೋನವೂ ಕೆಡುತ್ತದೆ. ದಂಡೆಯ ಬಿಸಿಲಿನಲ್ಲಿ ಬಿಗಿಯಾಗಿದ್ದ ಬೋಟು ತಣ್ಣನೆಯ ನೀರಿಗಿಳಿದ ಮೇಲೆ ಮೆತ್ತಗಾಗುವುದುಂಟು. ಪಂಪನ್ನು ಲಾರಿಯಲ್ಲೇ ಬಿಟ್ಟು ಹೊರಟ ತಂಡಕ್ಕೆ ಆಗ ದಾರಿಯಿಲ್ಲ.

ಈ ಸೀಮೆಯ ನೆರೆಗೆ ಅದರದೇ ಗುಣವೂ ಇದೆ. ಬೋಟು ಓಡಬೇಕಾದ್ದು ಹೊಲದ ಮೇಲೆ. ಕಬ್ಬಿನ ಗರಿ, ಹತ್ತಿಕಟ್ಟಿಗೆ, ಹನಿ ನೀರಾವರಿಯ ಪೈಪು, ಬೇಲಿಯ ತಂತಿ, ಎಲ್ಲವೂ ಕೆಂಪು ನೀರಿನಡಿ ಅಡಗಿರುತ್ತವೆ. ಪ್ರೊಪೆಲ್ಲರಿಗೆ ಸುತ್ತಲೂ ಕಾವಲು ಬಳೆ ಇರಬೇಕು, ಬದಲಿ ಪ್ರೊಪೆಲ್ಲರೊಂದು ಬೋಟಿನಲ್ಲೇ ಇರಬೇಕು. ನೀರಿನಲ್ಲಿರುವ ಮನುಷ್ಯನ ಹತ್ತಿರ ಹೋದಾಗ ಮೋಟರ್ ಬಂದ್ ಮಾಡಲೇಬೇಕು. ಕೆಸರುನೀರು ಇನ್ನೊಂದು ಕೇಡು ಮಾಡುತ್ತದೆ. ಎಂಜಿನ್ನನ್ನು ತಂಪಾಗಿಡುವುದು ಅದು ಒಳಗೆಳೆದುಕೊಂಡ ಹೊಳೆಯ ನೀರೇ. ಆ ನೀರನ್ನು ಎತ್ತುವ ರಬ್ಬರಿನ ಚಿಕ್ಕ ಚಕ್ರ ಮರಳಿಗೆ ಸವೆದುಹೋಗುತ್ತದೆ. ಮೋಟರಿನ ಬದಿಯಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿದೆಯೇ ಎಂದು ಚಾಲಕ ಆಗಾಗ ತಿರುಗಿ ನೋಡಬೇಕು. ಧಾರೆ ನಿಂತರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಸುಟ್ಟುಹೋಗುವ ಸಂಭವವಿದೆ. ಪ್ರತಿ ಓಡಾಟದ ನಂತರ ತಿಳಿನೀರಿನಲ್ಲಿ ತೊಳೆಯುವ ಕೆಲಸಕ್ಕೆ ಬೇಕಾದ್ದು ಒಂದು ಟಬ್ಬು ನೀರು, ಮತ್ತು ಅದನ್ನು ಮಾಡಲೇಬೇಕೆಂಬ ಶಿಸ್ತು.

ಪೆಟ್ರೋಲಿನ ಮಾತು ಇಂದು ಇನ್ನಷ್ಟು ಮುಖ್ಯ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ದಿನವೂ ಓಡುವ ಬೈಕಿಗೆ ಇದು ಅಷ್ಟಾಗಿ ತಟ್ಟದು. ವರ್ಷದಲ್ಲಿ ಹತ್ತು ತಿಂಗಳು ಮೂಲೆಯಲ್ಲಿ ನಿಲ್ಲುವ ಬೋಟಿನ ಮೋಟರಿಗೆ ಇದೇ ಮಾರಿ. ಕಳೆದ ವರ್ಷದ ಇಂಧನ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತಿದ್ದರೆ ಎಷ್ಟು ಸಲ ಹಗ್ಗ ಎಳೆದರೂ ಎಂಜಿನ್ ಹತ್ತುವುದಿಲ್ಲ. ಟೂ-ಸ್ಟ್ರೋಕ್ ಆದರೆ ಎಣ್ಣೆ ಬೆರೆಸುವ ಪ್ರಮಾಣವೂ ಗೊತ್ತಿರಬೇಕು. 50ಕ್ಕೆ 1 ಎಂದಿದ್ದರೆ 5 ಲೀಟರಿಗೆ 100 ಮಿಲಿ. ನಾಲ್ಕು ಸ್ಟ್ರೋಕಿನದಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸುವಂತೆಯೇ ಇಲ್ಲ.

ಇಷ್ಟೆಲ್ಲ ತಯಾರಿ ಅಪರೂಪದ ನೆರೆಗೆ ದುಬಾರಿಯಲ್ಲವೇ, ಹೆಲಿಕಾಪ್ಟರ್ ಇದೆಯಲ್ಲ, ಜೆಸಿಬಿ ಇದೆಯಲ್ಲ ಎಂಬ ವಾದವುಂಟು. 2024ರ ಸೆಪ್ಟೆಂಬರ್ 1ರಂದು ಖಮ್ಮಂನ ಮುನ್ನೇರು ಉಕ್ಕಿ ಪ್ರಕಾಶ್ ನಗರ ಸೇತುವೆಯ ಮೇಲೆ ಒಂಬತ್ತು ಜನ ಸಿಕ್ಕಿಕೊಂಡಿದ್ದರು. ಅವರನ್ನು ಕರೆತಂದದ್ದು ಹರಿಯಾಣ ಮೂಲದ ಒಬ್ಬ ಜೆಸಿಬಿ ಚಾಲಕ. ಆತನ ಧೈರ್ಯಕ್ಕೆ ಇಡೀ ರಾಜ್ಯ ತಲೆಬಾಗಿತು, ತಲೆಬಾಗಬೇಕಾದ್ದೇ. ಆದರೆ ಒಬ್ಬ ಕೂಲಿಗಾರ ಪ್ರಾಣದ ಹಂಗು ತೊರೆದು ಮಾಡಿದ ಕೆಲಸವನ್ನು ಆಡಳಿತ ತನ್ನ ವ್ಯವಸ್ಥೆ ಎಂದು ನೆಚ್ಚಿಕೊಳ್ಳಲಾಗದು. ಅದೇ ವರ್ಷದ ಡಿಸೆಂಬರಿನಲ್ಲಿ ತೆಲಂಗಾಣ ತನ್ನದೇ ರಾಜ್ಯ ವಿಪತ್ತು ಸ್ಪಂದನಾ ಪಡೆಯನ್ನು ಅಗ್ನಿಶಾಮಕ ಇಲಾಖೆಯೊಂದಿಗೆ ಬೆಸೆದು ಆರಂಭಿಸಿದ್ದು ಸರಿಯಾದ ಹೆಜ್ಜೆ.

ತರಬೇತಾದ ಪಡೆಗೂ ನೀರು ಕರುಣೆ ತೋರುವುದಿಲ್ಲ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆಯ ವಿರುಪಾಪುರ ಗಡ್ಡೆಯಲ್ಲಿ ಪ್ರವಾಸಿಗರನ್ನು ತರಲು ಹೊರಟ ರಕ್ಷಣಾ ಸಿಬ್ಬಂದಿಯ ಬೋಟೇ ಮಗುಚಿ ಐವರು ಕೊಚ್ಚಿಹೋದರು. ಅದೃಷ್ಟಕ್ಕೆ ಐವರೂ ಬದುಕಿ ಬಂದರು. ಮರುವರ್ಷದ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ಕುರ್ವಕುಲ ನಡುಗಡ್ಡೆ ಮತ್ತು ತೆಲಂಗಾಣದ ದಂಡೆಯ ನಡುವೆ ಹರಿಗೋಲು ಮಗುಚಿದಾಗ ನಾಲ್ವರನ್ನು ಕೃಷ್ಣೆ ಎಳೆದೊಯ್ದಳು. ಮೊದಲನೆಯದು ಪರಿಣತರೂ ಅದೇ ನೀರಿನಲ್ಲಿ ಪಳಗಬೇಕೆಂದು ಹೇಳುತ್ತದೆ. ಎರಡನೆಯದು, ಎರಡು ರಾಜ್ಯಗಳ ನಡುವಿನ ನೀರಿಗೂ ಹೊಣೆಗಾರರು ಬೇಕೆಂದು.

ಆ ಹೊಣೆ ಹೊರಬಲ್ಲವರು ಇಲ್ಲೇ ಇದ್ದಾರೆ. ಸಿಂಗೂರಿನಲ್ಲಿ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಲ್ಲಿ ಬಲೆ ಬೀಸುವ ಮೀನುಗಾರರಿಗೆ ನೀರು ಹೊಸದಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದ ಮಿತ್ರ ಯೋಜನೆ ಊರಿನ ಸ್ವಯಂಸೇವಕರನ್ನು ತರಬೇತುಗೊಳಿಸಲೆಂದೇ ಇದೆ. ಅಗ್ನಿಶಾಮಕ ಠಾಣೆಯ ಸಿಬ್ಬಂದಿಗೆ ವರ್ಗಾವಣೆಯಾಗುತ್ತದೆ, ಕಲಿತ ಕೈ ಬೇರೆ ಊರಿಗೆ ಹೋಗುತ್ತದೆ. ಮೀನುಗಾರ ಅಲ್ಲಿಯೇ ಇರುತ್ತಾನೆ. ಅವನಿಗೆ ಮೋಟರ್ ಕೂರಿಸುವುದನ್ನು, ಬಿಚ್ಚುವುದನ್ನು, ಕತ್ತಲೆಯಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸುವುದನ್ನು ಕಲಿಸಿ, ಕರೆದ ದಿನಕ್ಕೆ ಮರ್ಯಾದೆಯ ಕೂಲಿ ಕೊಡಬೇಕು.

ಇನ್ನು ಗಡಿ. ಜಹೀರಾಬಾದಿಗೆ ಬೀದರ ಸುಮಾರು 30 ಕಿ.ಮೀ. ದೂರ, ಹೈದರಾಬಾದ್ ನೂರಕ್ಕೂ ಹೆಚ್ಚು. ಸಂತೆಗೆ, ಆಸ್ಪತ್ರೆಗೆ, ಬೀಗರ ಮನೆಗೆ ಜನ ಈ ಗಡಿಯನ್ನು ಲೆಕ್ಕಿಸದೆ ಓಡಾಡುತ್ತಾರೆ. ಬೋಟೂ ಹಾಗೆಯೇ ಓಡಾಡಬೇಕು. ಬೀದರ ಮತ್ತು ಸಂಗಾರೆಡ್ಡಿ ಜಿಲ್ಲಾಧಿಕಾರಿಗಳು ಒಂದು ಒಪ್ಪಂದಕ್ಕೆ ಬಂದರೆ ಹತ್ತಿರದ ಬೋಟು ಮೊದಲು ಹೊರಡುತ್ತದೆ, ಕಾಗದ ಆಮೇಲೆ ಓಡಾಡುತ್ತದೆ. ತಾಂಡೂರು ಮತ್ತು ಸೇಡಂ ನಡುವೆಯೂ ಇಂಥದೇ ಏರ್ಪಾಡು ಬೇಕು.

ಈ ತಯಾರಿಯನ್ನು ಪರೀಕ್ಷಿಸಲು ಮೇ ತಿಂಗಳೇ ಸರಿಯಾದ ಕಾಲ, ಸಿಂಗೂರಿನ ಹಿನ್ನೀರೇ ಸರಿಯಾದ ಜಾಗ. ಬೀದರ, ಸಂಗಾರೆಡ್ಡಿ ಜಿಲ್ಲೆಗಳ ತಂಡಗಳು ಒಂದು ಬೆಳಗ್ಗೆ ಅಲ್ಲಿ ಸೇರಿ, ತಮ್ಮ ತಮ್ಮ ಬೋಟಿಗೆ ಗಾಳಿ ತುಂಬಿ, ಮೋಟರ್ ಕೂರಿಸಿ, ಪೂರ್ತಿ ಭಾರ ಹೊತ್ತು ಒಂದು ಗಂಟೆ ಓಡಿಸಲಿ. ಹತ್ತದ ಎಂಜಿನ್, ಸೋರುವ ಕೊಳವೆ, ಹೊಂದದ ಶಾಫ್ಟ್, ಎಲ್ಲವನ್ನೂ ಅಲ್ಲೇ ಪುಸ್ತಕದಲ್ಲಿ ಬರೆದು, ಜೂನ್ ಮೊದಲ ವಾರದೊಳಗೆ ರಿಪೇರಿ ಮುಗಿಸಿ, ಆ ಪಟ್ಟಿಯನ್ನು ಮೊಗುಡಂಪಲ್ಲಿ ಸೇರಿದಂತೆ ಎಲ್ಲ ಮಂಡಲ ಕಚೇರಿಗಳ ಗೋಡೆಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಅಂಟಿಸಲಿ.